ಸೂಜಿ ಮಾಡಿಸಿಕೊಂಡವನ ಮನೆಯ ಕುಬಸ

ಐದು ಮಂದಿ ಮುತ್ತೈದೆಯರಲ್ಲಿ ನಾಲ್ವರಿಗೆ ಒಂದೇ ಮುಂಜಾನೆ ಹೊಟ್ಟೆನೋವು ಹಿಡಿಯುವುದು ವೈದ್ಯಶಾಸ್ತ್ರದ ಪ್ರಕಾರ ಸಾಧ್ಯವೇ ಎಂದು ಶಿವರುದ್ರಪ್ಪ ಬಾಯಲ್ಲಿ ಬೇವಿನಕಡ್ಡಿ ಇಟ್ಟುಕೊಂಡೇ ಯೋಚಿಸುತ್ತಿದ್ದ. ಐದನೆಯವಳ ಕಾಲು ಉಳುಕಿದೆಯಂತೆ. ಆ ಉಳುಕಿದ ಕಾಲಿನ ಸಾವಂತ್ರವ್ವ ಆಗಷ್ಟೇ ಅವನ ಕಣ್ಣೆದುರಿಗೇ ನಲ್ಲಿಯಿಂದ ಎರಡು ಕೊಡ ನೀರು ಹೊತ್ತುಕೊಂಡು ಹತ್ತಾರು ಸಂಸಾರಗಳ ಆ ವಾಡೆಯೊಳಗೆ ಸರಸರ ಹೋಗಿದ್ದಳು.

ಸಂಜೆಗೆ ಅವನ ಹೆಂಡತಿ ಕಾಶವ್ವನ ಕುಬಸ. ಐದು ತಿಂಗಳ ಬಸುರಿಗೆ ಹಸಿರು ಸೀರೆ ಉಡಿಸಿ, ಮಣೆಯ ಮೇಲೆ ಕೂಡ್ರಿಸಿ, ಐದು ಮಂದಿ ಮುತ್ತೈದೆಯರು ಹೊಸ ಕುಬಸ ತೊಡಿಸಿ ಉಡಿ ತುಂಬಬೇಕು. ತವರಿನವರು ಮುಂದೆ ನಿಂತು ಮಾಡುವ ಕಾರ್ಯ ಅದು. ಆದರೆ ಪುಣೆಗೆ ಬಂದವರನ್ನು ಸರಕಾರದವರು ಪ್ಲೇಗಿನ ನೆವದಿಂದ ಊರಬಾಗಿಲ ನಾಕೆಯಲ್ಲೇ ಹಿಡಿದು ಸುಣ್ಣದ ಗುಂಡಿಗೆ ಹಾಕುತ್ತಾರೆಂಬ ಸುದ್ದಿ ಅವಳ ತವರೂರಾದ ಇಂದಾಪುರಕ್ಕೆ ಮುಟ್ಟಿತ್ತು. ಅವಳ ತವರಿನವರು ಸೀರೆ, ಕುಬಸ, ಕೊಬ್ಬರಿ ಬಟ್ಟಲುಗಳನ್ನು ಬೆಲ್ಲದ ಗಾಡಿಯವನ ಕೈಯಲ್ಲಿ ಕಳಿಸಿ ಕೈ ತೊಳೆದುಕೊಂಡಿದ್ದರು. ಗಾಡಿಯವನು ಗುಂಡಿಗೆ ಬಿದ್ದರೆ ಹೇಗೆ ಎಂದು ಯಾರೂ ಯೋಚಿಸಿದಂತಿರಲಿಲ್ಲ.

ಒಳಗೆ ಕಾಶವ್ವ ಹೋಳಿಗೆಗೆ ಕಣಕ ನಾದುತ್ತಿದ್ದಳು. ಬರುವವರು ಇಲ್ಲದಿದ್ದರೂ ಕಣಕವನ್ನು ನೂರು ಮಂದಿಗೆ ಆಗುವಷ್ಟು ಸಿಟ್ಟಿನಿಂದ ನಾದುತ್ತಿದ್ದಳು.

“ಐದು ಮಂದಿ ಬೇಕ್ರಿ,” ಎಂದಳು. “ನಾನೊಬ್ಬಾಕಿನೇ ಐದು ಮಂದಿ ಆಗಾಕ ಬರೂದಿಲ್ಲ.”

“ಬರ್ತಾರ. ಹೊಟ್ಟಿನೋವು ಸಂಜಿತನಕ ಇರ್ತದೇನು?”

“ಅವರ ಹೊಟ್ಟಿಗೆ ಏನೂ ಆಗಿಲ್ಲ. ನನ್ನ ಹೊಟ್ಟಿ ಸಲುವಾಗಿ ಅವರಿಗೆ ನೋವು.”

ಶಿವರುದ್ರಪ್ಪ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಬಾಯಿ ಮುಕ್ಕಳಿಸಿದ.

ಅವನು ಪ್ಲೇಗ್ ಕಚೇರಿಯ ಗುಮಾಸ್ತ. ತರ್ಕಶಾಸ್ತ್ರದಲ್ಲಿ ನಪಾಸಾಗಿ ಬಿ.ಎ. ಅರ್ಧಕ್ಕೆ ಬಿಟ್ಟವನು. ಭವಾನಿ ಪೇಠೆಯಲ್ಲಿ ಬೆಲ್ಲ, ಕಾಳುಕಡಿ ವ್ಯಾಪಾರಕ್ಕೆಂದು ಬಂದು ನೆಲೆಸಿದ ಬಾಗಲಕೋಟೆ, ವಿಜಾಪುರದ ಮಂದಿಗೆ, ಡಾಕ್ಟರು ಮರಾಠಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ತಿಳಿಸುವುದು ಅವನ ಕೆಲಸ. ಆ ವರ್ಷ ದೊರೆ ದಿಲ್ಲಿಗೆ ಬಂದು ಹೋಗಿದ್ದ. ಪ್ಲೇಗು ಬಂದದ್ದು ಹೋಗಿರಲಿಲ್ಲ. ಸೂಜಿ ಮಾಡಿಸಿಕೊಳ್ಳಿರಿ, ಏನೂ ಆಗುವುದಿಲ್ಲ ಎಂದು ಶಿವರುದ್ರಪ್ಪ ಓಣಿ ಓಣಿ ಅಲೆದು ಹೇಳುತ್ತಿದ್ದ. ಅವನ ಕನ್ನಡ ಬಲು ಚಂದ ಎಂದು ಎಲ್ಲರೂ ತಲೆದೂಗುತ್ತಿದ್ದರು. ತೋಳು ಮಾತ್ರ ಯಾರೂ ಚಾಚುತ್ತಿರಲಿಲ್ಲ.

ದಸರೆಯ ಮುಂಚೆ ಪೇಠೆಯ ಬಯಲಿನಲ್ಲಿ ತಂಬು ಹೊಡೆದಾಗ ಡಾಕ್ಟರು, ನಿಮ್ಮವನೇ ಒಬ್ಬ ಮೊದಲು ಮಾಡಿಸಿಕೊಂಡರೆ ಉಳಿದವರು ಬರುತ್ತಾರೆ ಎಂದರು. ನಿಮ್ಮವ ಎಂದರೆ ಯಾರೆಂದು ಅವರು ಬೇರೆ ಹೇಳಲಿಲ್ಲ. ಶಿವರುದ್ರಪ್ಪ ಅಂಗಿಯ ತೋಳು ಮಡಚಿ ನಿಂತ. ಕಂಪೌಂಡರು ಸೂಜಿಯನ್ನು ಬಿಸಿಲಿಗೆ ಎತ್ತಿ ಹಿಡಿದ. ತುದಿಯಲ್ಲಿ ಒಂದು ಹನಿ ಮೂಡಿತು. ಓಣಿಯಲ್ಲಿ ಅವನು ಕೇಳಿ ನಕ್ಕಿದ್ದ ಮಾತುಗಳೆಲ್ಲ, ಗಂಡಸುತನ ಬತ್ತುತ್ತದೆ, ರಕ್ತ ನೀರಾಗುತ್ತದೆ, ಮೂರು ವರ್ಷಕ್ಕೆ ಸಾವು ಎಂಬವೆಲ್ಲ, ಆ ಒಂದು ಹನಿಯಲ್ಲಿ ಬಂದು ಕೂತವು. ತೋಳು ತೊಳೆದು ಬರುತ್ತೇನೆಂದು ಅವನು ತಂಬುವಿನ ಹಿಂದಕ್ಕೆ ಹೋದ. ಧೋತರದ ಅಂಚು ಹರಿದು ತೋಳಿಗೆ ಬಿಗಿದುಕೊಂಡು, ಮುಖ ಕಿವುಚಿಕೊಂಡು ಇನ್ನೊಂದು ಬದಿಯಿಂದ ಹೊರಬಿದ್ದ. ಡಾಕ್ಟರೇ ಚುಚ್ಚಿರಬೇಕೆಂದು ಕಂಪೌಂಡರು ತಿಳಿದ. ಕಂಪೌಂಡರು ಚುಚ್ಚಿದ್ದಾನೆಂದು ಡಾಕ್ಟರು ತಿಳಿದರು. ಜನ ಅರಿವೆಯ ಪಟ್ಟಿ ನೋಡಿದರು.

ಸೂಜಿಯ ಜ್ವರ ಹೇಗಿರುತ್ತದೆಂದು ಕಚೇರಿಯಲ್ಲಿ ಓದಿದ್ದ. ಅದರಂತೆಯೇ ಎಂಟು ದಿನ ನರಳಿದ. ನಡುವೆ ಒಂದು ದಿನ ನಿಜಕ್ಕೂ ಸ್ವಲ್ಪ ಜ್ವರ ಬಂತು. ಅವನಿಗಿಂತ ಅವನ ಮೈ ಪ್ರಾಮಾಣಿಕವಾಗಿತ್ತು.

ಅಂದಿನಿಂದ ವಾಡೆಯ ಮಂದಿ ಒಲೆಯ ಮೇಲಿಟ್ಟ ಹಾಲನ್ನು ಕಾಯುವಂತೆ ಅವನನ್ನು ಕಾಯತೊಡಗಿದರು. ಸಾಯಲಿಲ್ಲ. ಸ್ವಲ್ಪ ನಿರಾಸೆಯೇ ಆಯಿತು. ಸಾಯದಿದ್ದರೆ ಮತ್ತೇನೋ ಆಗಿರಬೇಕೆಂದು ಗಂಡಸರು ಅವನನ್ನು ಮರುಕದಿಂದ ಮಾತಾಡಿಸತೊಡಗಿದರು. ಅಷ್ಟರಲ್ಲಿ ಕಾಶವ್ವ ಬಚ್ಚಲ ಬಾಗಿಲಲ್ಲಿ ಕೂತು ವಾಂತಿ ಮಾಡಿಕೊಂಡಳು.

ಸೂಜಿ ಮಾಡಿಸಿಕೊಂಡ ಗಂಡಸಿಗೆ ಮಕ್ಕಳಾಗುವುದಿಲ್ಲ. ಶಿವರುದ್ರಪ್ಪ ಸೂಜಿ ಮಾಡಿಸಿಕೊಂಡಿದ್ದಾನೆ. ಕಾಶವ್ವ ಬಸುರಿ. ಓಣಿಯ ಈ ತರ್ಕ ಕಾಲೇಜಿನ ತರ್ಕಕ್ಕಿಂತ ಗಟ್ಟಿಯಾಗಿತ್ತು. ಮೊದಲ ಮಾತು ಸುಳ್ಳೆಂದು ಅವನು ವರ್ಷಗಟ್ಟಲೆ ಹೇಳಿ ಸೋತಿದ್ದ. ಎರಡನೆಯದು ಸುಳ್ಳೆಂದು ಅವನೊಬ್ಬನಿಗೇ ಗೊತ್ತಿತ್ತು. ಮೂರನೆಯದು ಮಾತ್ರ ಎಲ್ಲರ ಕಣ್ಣಿಗೆ ಕಾಣುವಂತೆ ದಿನದಿನಕ್ಕೆ ಬೆಳೆಯುತ್ತಿತ್ತು.

ವಾಡೆಯ ಹೆಂಗಸರು ತಂತಮ್ಮ ಗಂಡಂದಿರ ಮುಖ ನೋಡತೊಡಗಿದರು. ಬೆಲ್ಲದ ಅಂಗಡಿಯಲ್ಲಿ ತೂಕ ಮಾಡುವ ಫಕೀರಪ್ಪ ಎಂದೋ ಒಮ್ಮೆ ಕಾಶವ್ವನ ತಲೆಯ ಮೇಲೆ ಕೊಡ ಏರಿಸಿಕೊಟ್ಟಿದ್ದನಂತೆ. ಈಗ ಅವಳು ಎದುರಾದರೆ ಗೋಡೆಗೆ ಮುಖ ಮಾಡಿ ನಿಂತುಬಿಡುತ್ತಿದ್ದ. ಅದರಿಂದ ಸಂಶಯ ಇನ್ನಷ್ಟು ಬಲವಾಯಿತು.

“ನೀವರ ಹೇಳ್ರಿ ಅವರಿಗೆ,” ಎಂದಳು ಕಾಶವ್ವ, ಅವನು ರುಮಾಲು ಸುತ್ತಿಕೊಳ್ಳುವಾಗ.

“ಸೂಜಿಯಿಂದ ಏನೂ ಆಗೂದಿಲ್ಲಂತ ಹೇಳಿ ಹೇಳಿ ನನ್ನ ನಾಲಿಗಿ ಸವದದ.”

“ಅದು ಕಚೇರಿ ಮಾತು. ಮನಿ ಮಾತು ಹೇಳ್ರಿ.”

ಮನೆಯ ಮಾತು ಯಾವುದೆಂದು ಅವನಿಗೆ ಗೊತ್ತಿತ್ತು. ಅದು ನಾಲ್ಕೈದು ಶಬ್ದಗಳದ್ದು. ಅದನ್ನು ಹೇಳಿದರೆ ಹೆಂಡತಿಯ ಮಾನ ಉಳಿಯುತ್ತದೆ, ತನ್ನದು ಹೋಗುತ್ತದೆ, ಅದರ ಬೆನ್ನಿಗೇ ನೌಕರಿಯೂ ಹೋಗುತ್ತದೆ. ಹೇಳದಿದ್ದರೆ ಸಂಜೆ ಮಣೆಯ ಮೇಲೆ ಕಾಶವ್ವ ಒಬ್ಬಳೇ ಕೂತಿರುತ್ತಾಳೆ. ಹಸಿರು ಸೀರೆ ಉಟ್ಟು ಒಬ್ಬಳೇ ಕೂತ ಬಸುರಿಯನ್ನು ನೆನೆದು ಅವನಿಗೆ ದುಃಖವಾಗಬೇಕಿತ್ತು. ಅವನು ನೋಡಿದ್ದು ಆ ಚಿತ್ರದಲ್ಲಿ ತಾನು ಎಲ್ಲಿ ನಿಂತಿದ್ದೇನೆ ಎಂಬುದನ್ನು. ಎಲ್ಲಿಯೂ ನಿಂತಿರಲಿಲ್ಲ.

ಮೊದಲು ಡಾಕ್ಟರಿಗೆ ಹೇಳಿಬಿಡುವುದು ಎಂದು ನಿಶ್ಚಯ ಮಾಡಿ ಕಚೇರಿಗೆ ಹೋದ.

ಡಾಕ್ಟರ್ ಪಂಢರಿನಾಥ ಆ ದಿನ ಎಂದಿಲ್ಲದ ಹುರುಪಿನಲ್ಲಿದ್ದರು. ಭವಾನಿ ಪೇಠೆಗೆಂದು ಮುಂಬಯಿಯಿಂದ ತರಿಸಿದ ಔಷಧದ ಶೀಶೆಗಳು ಹಾಗೇ ಉಳಿದಿದ್ದವು. ಈ ವಾರ ತೋಳುಗಳು ಸಿಗದಿದ್ದರೆ ಶೀಶೆಗಳ ಜೊತೆಗೆ ತಮ್ಮನ್ನೂ ವಾಪಸು ಕಳಿಸುತ್ತಾರೆಂದು ಅವರಿಗೆ ಹೆದರಿಕೆ. ಅಂಥ ಹೊತ್ತಿನಲ್ಲಿ ಕಂಪೌಂಡರಿನಿಂದ ಅವರಿಗೆ ಕುಬಸದ ಸುದ್ದಿ ತಿಳಿದಿತ್ತು. ಸೂಜಿ ಮಾಡಿಸಿಕೊಂಡವನ ಹೆಂಡತಿ ಬಸುರಿ. ಇದಕ್ಕಿಂತ ದೊಡ್ಡ ಪುರಾವೆ ಇನ್ನೇನು ಬೇಕು ಎಂದು ಅವರು ಶಿವರುದ್ರಪ್ಪನ ಎರಡೂ ಕೈ ಹಿಡಿದು ಕುಲುಕಿದರು.

ಅವನು ಒಂದು ಮಾತು ಹೇಳುವುದಿದೆ ಎಂದ. ಸಂಕೋಚ ಬೇಡ ಎಂದು ಡಾಕ್ಟರು ಅಂದರು. ಸಂಕೋಚವಲ್ಲ, ದಸರೆಯ ಮುಂಚೆ ಆ ತಂಬುವಿನಲ್ಲಿ ಎಂದು ಅವನು ಶುರುಮಾಡಿದ. ನಿಮ್ಮ ಧೈರ್ಯವನ್ನು ನಾನು ಮರೆತಿಲ್ಲ ಎಂದು ಡಾಕ್ಟರು ಮುಗಿಸಿದರು. ಡಂಗುರದ ದಿಗಂಬರನನ್ನು ಆಗಲೇ ಕಳಿಸಿಯಾಗಿದೆ, ಸಂಜೆ ತಾವೇ ಮನೆಗೆ ಬಂದು ಎಲ್ಲರ ಎದುರು ನಾಲ್ಕು ಮಾತಾಡುವುದಾಗಿಯೂ ಹೇಳಿದರು. ಕಾರ್ಬಾಲಿಕ್ ವಾಸನೆಯ ಆ ಕೋಣೆಯಿಂದ ಶಿವರುದ್ರಪ್ಪ ತನ್ನ ನಾಲ್ಕೈದು ಶಬ್ದಗಳನ್ನು ಹಾಗೇ ಹೊತ್ತುಕೊಂಡು ಹೊರಬಿದ್ದ. ಡಂಗುರ ಯಾವುದಕ್ಕೆ ಎಂದೂ ಕೇಳಲಿಲ್ಲ.

ಕೇಳಬೇಕಾದ ಅಗತ್ಯವೂ ಬೀಳಲಿಲ್ಲ. ಮನೆಗೆ ಮರಳುವಾಗ ಪೇಠೆಯ ತಿರುವಿನಲ್ಲೇ ಹಲಗೆಯ ಸದ್ದು ಕೇಳಿತು. ದಿಗಂಬರ ದಾರಿಯ ನಡುವೆ ನಿಂತು ಮರಾಠಿಯಲ್ಲಿ ಕೂಗುತ್ತಿದ್ದ. ಇದೇ ಪೇಠೆಯ ಕಾನಡಿ ಕಾರಕೂನ ಶಿವರುದ್ರಪ್ಪ ಸೂಜಿ ಮಾಡಿಸಿಕೊಂಡಿದ್ದಾನೆ, ಆದರೂ ಅವನ ಹೆಂಡತಿ ಐದು ತಿಂಗಳ ಬಸುರಿ, ಆದಕಾರಣ ಯಾರೂ ಹೆದರತಕ್ಕದ್ದಲ್ಲ, ಸಾಹೇಬರ ಹುಕುಂ. ಆಮೇಲೆ ಹಲಗೆಗೆ ಎರಡು ಪೆಟ್ಟು. ಮಾಳಿಗೆಯ ಕಿಟಕಿಯಿಂದ ಒಬ್ಬಳು, ಯಾವ ಶಿವರುದ್ರಪ್ಪ ಎಂದು ಕೇಳಿದಳು. ದಿಗಂಬರ ಅತ್ತಿತ್ತ ನೋಡಿ, ಕೋಲನ್ನು ನೇರ ಇವನ ಕಡೆಗೆ ಚಾಚಿದ. ಕೆಲಸ ಹಗುರಾದದ್ದಕ್ಕೆ ಇವನಿಗೆ ನಮಸ್ಕಾರವನ್ನೂ ಮಾಡಿದ.

ತನ್ನ ಬದುಕಿನಲ್ಲಿ ಗೋಡೆಯಾಚೆಗೆ ಹೋಗಬಾರದ ಸಂಗತಿ ಎಂದು ಒಂದಿತ್ತು. ಅದನ್ನು ಸರಕಾರ ಚರ್ಮ ಬಡಿದು ಸಾರುತ್ತಿದೆ, ಅದೂ ತಪ್ಪು ಕಾರಣಕ್ಕೆ. ಶಿವರುದ್ರಪ್ಪನಿಗೆ ನಗು ಬಂತು. ನಕ್ಕರೆ ಹೆಮ್ಮೆಯಿಂದ ನಕ್ಕಂತೆ ಕಾಣುತ್ತದೆಂದು ತಡೆದುಕೊಂಡ.

ವಾಡೆಯ ಮುಂಭಾಗದಲ್ಲೇ ಗೂಳಪ್ಪನ ಬೆಲ್ಲದ ಅಂಗಡಿ. ಗೂಳಪ್ಪ ಗಾದಿಯ ಮೇಲೆ ಲೋಡಿಗೆ ಒರಗಿದ್ದ. ಫಕೀರಪ್ಪ ತಕ್ಕಡಿಯ ಮುಂದಿದ್ದ. ಒಳಬಾಗಿಲ ಮರೆಯಲ್ಲಿ ಗೂಳಪ್ಪನ ಹೆಂಡತಿ, ಕಾಲು ಉಳುಕಿದ ಸಾವಂತ್ರವ್ವ, ನೆಟ್ಟಗೆ ನಿಂತಿದ್ದಳು. ಅವಳು ಹೂಂ ಎಂದರೆ ಉಳಿದ ನಾಲ್ಕು ಹೊಟ್ಟೆಗಳೂ ನೆಟ್ಟಗಾಗುತ್ತಿದ್ದವು.

ಗೂಳಪ್ಪ ಪೇಠೆಯ ವಿಚಾರವಂತ. ಬಾವಿಗೆ ಹಾಕುವ ಕೆಂಪು ಔಷಧಿಯಿಂದ ಜಾತಿ ಕೆಡುತ್ತದೆಂದು ಮೊದಲು ಕಂಡುಹಿಡಿದವನು ಅವನೇ. ಅವನ ಸಿದ್ಧಾಂತಗಳು ಲಂಡನ್ನಿನಲ್ಲಿ ಹುಟ್ಟಿ, ಕಾಬೂಲನ್ನು ಸುತ್ತಿ, ಕೊನೆಗೆ ಬೆಲ್ಲದ ದರಕ್ಕೆ ಬಂದು ನಿಲ್ಲುತ್ತಿದ್ದವು.

“ಗೂಳಪ್ಪನವರ, ಒಂದು ಮಾತು ಹೇಳೂದದ,” ಎಂದ ಶಿವರುದ್ರಪ್ಪ.

“ಹೇಳ್ರಿ. ಡಂಗುರದಾಂವ ಏನರ ಬಿಟ್ಟಿದ್ರ ಅದನ್ನೂ ಹೇಳ್ರಿ.”

“ನಾ ಸೂಜಿ ಮಾಡಿಸ್ಕೊಂಡೇ ಇಲ್ಲ.”

ಫಕೀರಪ್ಪನ ಕೈಯಲ್ಲಿದ್ದ ಬೆಲ್ಲದ ಪೆಂಟೆ ತಕ್ಕಡಿಗೆ ಹೋಗದೆ ನಡುವೆಯೇ ನಿಂತಿತು.

“ಅಂಜಿ ತಂಬುವಿನ ಹಿಂದ ಹೋಗಿ ಸುಮ್ನ ಅರಿವಿ ಕಟ್ಕೊಂಡು ಬಂದೆ. ನನ್ನ ಮೈಯಾಗ ಸೂಜಿ ಹೋಗಿಲ್ಲ. ಕೂಸು ನಂದೇ.”

ಹೇಳಿದ ಮೇಲೆ ಮೈ ಹಗುರಾಗುತ್ತದೆಂದು ಅವನು ತಿಳಿದಿದ್ದ. ಆಗಲಿಲ್ಲ. ಗೂಳಪ್ಪ ಅವನನ್ನು ಬಹಳ ಹೊತ್ತು, ಮಳೆಗೆ ಸಿಕ್ಕಿ ಕರಗಿದ ಮಾಲನ್ನು ನೋಡುವಂತೆ ನೋಡಿದ.

“ಹಿಂಗ ಹೇಳಂತ ಯಾರು ಹೇಳಿಕೊಟ್ರು? ಡಾಕ್ಟರೋ, ಕಲೆಕ್ಟರೋ?”

“ಯಾರೂ ಹೇಳಿಕೊಟ್ಟಿಲ್ಲ.”

“ಹೇಳಿಕೊಟ್ಟದ್ದೂ ಮರ್ತಾನ.” ಗೂಳಪ್ಪ ಫಕೀರಪ್ಪನ ಕಡೆ ತಿರುಗಿದ. “ನೋಡಪಾ, ಔಷಧ ತಲಿಗೆ ಏರೇದ.”

ಶಿವರುದ್ರಪ್ಪ ಅಂಗಿಯ ತೋಳು ಮೇಲೆತ್ತಿ ತೋರಿಸಿದ. ಗೂಳಪ್ಪ ಚಾಳೀಸು ಏರಿಸಿಕೊಂಡು, ಬಂಗಾರ ನೋಡುವಂತೆ ತೋಳನ್ನು ಬೆಳಕಿಗೆ ತಿರುವಿ ತಿರುವಿ ನೋಡಿದ.

“ಇಂಗ್ಲಿಷ್ ಮಾಲು,” ಎಂದ. “ಗುರ್ತು ಬಿಡೂದಿಲ್ಲ.”

ಆಮೇಲೆ ಅವನು ನಿಧಾನವಾಗಿ ವಿಚಾರ ಮಾಡತೊಡಗಿದ. ಸರಕಾರ ಡಂಗುರ ಹೊಡೆಸುವುದು ಯಾವುದಕ್ಕೆ? ತನ್ನ ತೆರಿಗೆಗೆ, ತನ್ನ ಹರಾಜಿಗೆ. ನಮ್ಮ ನಿಮ್ಮ ಮನೆಯಲ್ಲಿ ಇಷ್ಟು ಮಕ್ಕಳು ಹುಟ್ಟಿದವು, ಯಾವುದಕ್ಕಾದರೂ ಹೊಡೆಸಿತೇ? ಇಲ್ಲ. ಈ ಕೂಸಿಗೆ ಹೊಡೆಸಿದೆ ಎಂದರೆ ಇದು ಯಾರದು? ಸೂಜಿಯಿಂದ ಗಂಡಸುತನ ಬತ್ತುತ್ತದೆ ಎಂಬುದು ತಾವೆಲ್ಲ ಬೇಸ್ತುಬಿದ್ದ ಮಾತು, ಸರಕಾರವೇ ಹಬ್ಬಿಸಿದ್ದು. ಅಸಲು ಸೂಜಿಯೊಳಗೇ ಬೀಜ ಇದೆ. ಗಂಡನ ತೋಳಿಗೆ ಚುಚ್ಚಿದರೆ ಹೆಂಡತಿಗೆ ಮುಟ್ಟುತ್ತದೆ. ಹೀಗೆ ಹುಟ್ಟಿದ ಮಕ್ಕಳು ದೊಡ್ಡವರಾಗಿ ಸರಕಾರದ ಮಾತು ಮೀರುವುದಿಲ್ಲ, ಸ್ವದೇಶಿ ಎನ್ನುವುದಿಲ್ಲ, ಮುಂಜಾನೆ ಎದ್ದು ಮಾರಿಶಸ್ ಸಕ್ಕರೆ ಹಾಕಿದ ಚಹ ಕುಡಿಯುತ್ತಾರೆ. ಬೆಲ್ಲ ಕೇಳುವವರು ಯಾರು?

ಗೂಳಪ್ಪನ ಹಣೆಯ ಮೇಲೆ ಬೆವರೊಡೆದಿತ್ತು. ತಾನು ಕಂಡುಹಿಡಿದದ್ದಕ್ಕೆ ತಾನೇ ಅಂಜಿದ್ದ.

ಫಕೀರಪ್ಪ ಪೆಂಟೆಯನ್ನು ತಕ್ಕಡಿಗಿಟ್ಟು ಎಷ್ಟೋ ತಿಂಗಳ ಮೇಲೆ ಬೆನ್ನು ನೆಟ್ಟಗೆ ಮಾಡಿದ. ಬಾಗಿಲ ಮರೆಯಿಂದ ಸಾವಂತ್ರವ್ವ ಕೇಳಿದಳು:

“ಹಂಗಾರ ಆಕಿದೇನು ತಪ್ಪು, ಪಾಪ. ಸರಕಾರದ ಮುಂದ ಯಾರ ಕೈ ನಡೀತದ? ಅಲ್ರಿ, ಸರಕಾರದ ಕೂಸಂದ್ರ ಅದಕ್ಕ ಹುಟ್ಟಿದ ದಿನದಿಂದಲೇ ಪಗಾರ ಇರ್ತದೇನು?”

ಅವಳ ಕಾಲು ವಾಸಿಯಾಗಿತ್ತು. ಅವಳು ಮೆಟ್ಟಿಲೇರಿ ಹೋದ ಮೇಲೆ ಮೇಲಿನ ಪಡಸಾಲೆಯಲ್ಲಿ ಒಂದೊಂದೇ ಹೊಟ್ಟೆನೋವು ನಿಲ್ಲುತ್ತಿರುವುದು ಕೆಳಗಿನವರಿಗೂ ಕೇಳಿಸಿತು.

ಶಿವರುದ್ರಪ್ಪ ತೋಳು ಇಳಿಸಿಕೊಂಡು, ಮೆಟ್ಟಿಲೇರಿ ಮನೆಯೊಳಗೆ ಹೋದ. ಕಾಶವ್ವ ಒಲೆಯ ಮುಂದೆ ಬೆನ್ನು ಮಾಡಿ ಕೂತಿದ್ದಳು. ಈ ವಾಡೆಯಲ್ಲಿ ಕೆಳಗೆ ಆಡಿದ ಮಾತು ಮೇಲೆ ಕೇಳುತ್ತಿತ್ತು.

“ಖರೇನೇ ಮಾಡಿಸ್ಕೊಂಡಿಲ್ಲೇನ್ರಿ?”

“ಇಲ್ಲ.”

“ಮತ್ತ ಎಂಟು ದಿನ ನರಳಿದ್ದು?”

ಅವನು ಗೂಟಕ್ಕೆ ರುಮಾಲು ಸಿಗಿಸಿದ. ಅದು ಕೆಳಗೆ ಬಿತ್ತು. ಎತ್ತಿ ಮತ್ತೆ ಸಿಗಿಸಿದ.

“ನಿಮ್ಮ ಜ್ವರಾ ಇಳೀಲಿ ಅಂತ ಮಲ್ಲಯ್ಯಗ ಹರಕಿ ಹೊತ್ತಿದ್ದೆ,” ಎಂದಳು. ಹಂಚಿನ ಮೇಲಿನ ಹೋಳಿಗೆಯನ್ನು ಮಗುಚಿದಳು. “ಇನ್ನ ಯಾರ ಮುಂದೂ ಹೇಳಬ್ಯಾಡ್ರಿ. ಅವರು ಬರಾಕತ್ತಾರ. ಅವರು ಅಂದಂಗೇ ಇರ್ಲಿ.”

“ಕೂಸು ಸರಕಾರದ್ದಂತ ಅಂತಾರ ಅವರು.”

“ಅನ್ಲಿ. ಸರಕಾರ ಸುಳ್ಳು ನರಳೂದಿಲ್ಲ.”

ಐದು ಮಂದಿ ಬೇಕಿದ್ದಲ್ಲಿ ಪಡಸಾಲೆ ತುಂಬುವಷ್ಟು ಹೆಂಗಸರು ಬಂದರು. ಪಕ್ಕದ ವಾಡೆಯವರೂ ಬಂದರು. ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತ ಕಾಶವ್ವನ ಹೊಟ್ಟೆಯನ್ನು ಬೆರಳ ತುದಿಯಿಂದ ಮುಟ್ಟಿ, ಕಣ್ಣಿಗೆ ಒತ್ತಿಕೊಂಡು ಹಿಂದೆ ಸರಿಯುತ್ತಿದ್ದರು. ಭಕ್ತಿ ಎಷ್ಟು, ಹೆದರಿಕೆ ಎಷ್ಟು ಎಂದು ಹೇಳುವುದು ಕಷ್ಟವಿತ್ತು. ಉಡಿ ಭಾರವಾಗಿ ತುಂಬಿತು. ಯಾರೋ ಹಾಡು ಎತ್ತಿದರು.

ಕೆಳಗೆ ಅಂಗಳದಲ್ಲಿ ಡಾಕ್ಟರ್ ಪಂಢರಿನಾಥ ಕುರ್ಚಿಯ ಮೇಲೆ ಕೂತು ಕೇಸರಿ ಹಾಲು ಕುಡಿಯುತ್ತಿದ್ದರು. ಇಷ್ಟು ಜನ ಸೇರಿದ್ದನ್ನು ನೋಡಿ ಅವರ ಕಣ್ಣು ತುಂಬಿತ್ತು. ಜನಕ್ಕೆ ಕೊನೆಗೂ ವಿಜ್ಞಾನದ ಮೇಲೆ ನಂಬಿಕೆ ಹುಟ್ಟಿದೆ ಎಂದು ಭಾಷಣ ಮಾಡಿದರು. ಕನ್ನಡದಲ್ಲಿ ತಿಳಿಸಬೇಕಾದವನು ಸುಮ್ಮನೆ ನಿಂತಿದ್ದ. ಯಾರಿಗೂ ಕೊರತೆ ಎನಿಸಲಿಲ್ಲ. ಗೂಳಪ್ಪ, ನಾಳೆಯಿಂದ ವಾಡೆಯ ಗಂಡಸರು ತಂಬುವಿನ ನೆರಳೂ ತುಳಿಯಬಾರದೆಂದು ಆಗಲೇ ಎಲ್ಲರಿಂದ ಆಣೆ ಮಾಡಿಸಿದ್ದ. ಆಣೆ ಮಾಡಿದವರಲ್ಲಿ ಒಬ್ಬ ಹೊಳಬಸಪ್ಪ, ಲಗ್ನವಾಗಿ ಹನ್ನೆರಡು ವರ್ಷಕ್ಕೂ ಮಕ್ಕಳಿಲ್ಲದವನು, ಶಿವರುದ್ರಪ್ಪನನ್ನು ಕಂಬದ ಮರೆಗೆ ಕರೆದು, ನನಗೂ ಒಂದು ಸೂಜಿ ಗುಪ್ತವಾಗಿ ಕೊಡಿಸಿರಿ, ಆದರೆ ಗಂಡುಮಗನದೇ ಆಗಲಿ ಎಂದು ಕೈ ಮುಗಿದ.

ಶಿವರುದ್ರಪ್ಪ ನೇರವಾಗಿ ಡಾಕ್ಟರ ಬಳಿ ಹೋಗಿ ಅಂಗಿಯ ತೋಳು ಮಡಚಿದ. ತನಗೆ ಈಗ, ಇಲ್ಲೇ ಚುಚ್ಚಬೇಕೆಂದ. ಡಾಕ್ಟರು ನಕ್ಕು ಅವನ ಬೆನ್ನು ತಟ್ಟಿದರು. ಇಂಥ ಉತ್ಸಾಹ ಎಲ್ಲರಿಗೂ ಇದ್ದರೆ ಎಷ್ಟು ಚೆನ್ನ ಎಂದರು. ಒಮ್ಮೆ ಮಾಡಿಸಿಕೊಂಡವರಿಗೆ ಇಷ್ಟು ಬೇಗ ಮತ್ತೆ ಬೇಕಿಲ್ಲ, ಔಷಧ ದಂಡವಾಗುತ್ತದೆ ಎಂದರು. ತಾವೇ ಅವನ ತೋಳನ್ನು ಕೆಳಗಿಳಿಸಿ, ಗುಂಡಿ ಹಾಕಿದರು.

ಅಂಗಳದಲ್ಲಿ ಗಂಡಸರಿಗೆ ಎಲೆ ಹಾಕಿದ್ದರು. ಮುತ್ತುಗದ ಎಲೆಯ ಪತ್ರಾವಳಿಗಳ ಸಾಲಿನ ತುದಿಗೆ, ಬೆಲ್ಲದ ಚೀಲಗಳ ಪಕ್ಕ ಶಿವರುದ್ರಪ್ಪನ ಜಾಗ. ಎದುರಿಗೆ ಗೂಳಪ್ಪ. ಒಂದೇ ಕಂದೀಲು ನಡುವೆ ತೂಗುತ್ತಿತ್ತು.

ಚೀಲಗಳ ಸಂದಿಯಿಂದ ಇಲಿಯೊಂದು ಹೊರಗೆ ಬಂತು. ಇಲಿಯ ನಡಿಗೆ ಅಲ್ಲ ಅದು. ಸೆರೆ ಕುಡಿದು ಮನೆಗೆ ಹೊರಟವನ ನಡಿಗೆ. ಮಂದಿಯ ಅಂಜಿಕೆಯಿಲ್ಲದೆ ಅವನ ಎಲೆಯ ಹತ್ತಿರಕ್ಕೆ ಬಂದು, ತನ್ನ ಸುತ್ತಲೇ ಒಂದು ಸುತ್ತು ತಿರುಗಿ, ಕೂತುಬಿಟ್ಟಿತು. ಕೂದಲು ಎದ್ದು ನಿಂತಿದ್ದವು.

ಇಲಿ ಬಿದ್ದರೆ ಪ್ಲೇಗು ಬಂತೆಂದೇ ಅರ್ಥ, ಆಗ ಏನು ಮಾಡಬೇಕೆಂದು ಈ ಓಣಿಗೆ ಕಲಿಸಿದವನು ಅವನೇ. ಕೂಡಲೇ ಕಚೇರಿಗೆ ತಿಳಿಸಬೇಕು. ಅಂದೇ ವಾಡೆ, ಅಂಗಡಿ ಎಲ್ಲ ಖಾಲಿ ಮಾಡಿ, ಬಿಬವೇವಾಡಿಯ ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳಬೇಕು. ಕಚೇರಿಯೇ ಎದುರಿಗೆ ಕುರ್ಚಿಯ ಮೇಲೆ ಕೂತು ಹಾಲಿನ ಕೆನೆ ಒರೆಸಿಕೊಳ್ಳುತ್ತಿತ್ತು.

ಮೇಲೆ ಆರತಿಯ ಹಾಡು ಶುರುವಾಯಿತು. ಯಾವುದೋ ಚೇಷ್ಟೆಯ ಮಾತಿಗೆ ಕಾಶವ್ವ ನಕ್ಕಳು. ಆ ನಗೆ ಕೇಳದೆ ಎಷ್ಟು ತಿಂಗಳಾಗಿತ್ತೋ. ಈಗ ಅವನು ಬಾಯಿ ತೆರೆದರೆ ಹಾಡು ಅರ್ಧಕ್ಕೇ ನಿಲ್ಲುತ್ತದೆ. ಹೆಂಗಸರು ಸೆರಗು ಕೊಡವಿಕೊಂಡು ಓಡುತ್ತಾರೆ. ಇಲಿಯನ್ನು ತಂದದ್ದು ಯಾವ ಕೂಸು ಎಂದು ಬೆಳಗಾಗುವುದರೊಳಗೆ ಎಲ್ಲರಿಗೂ ಗೊತ್ತಾಗಿರುತ್ತದೆ.

ಅವನು ತಲೆ ಎತ್ತಿದ. ಗೂಳಪ್ಪನೂ ಇಲಿಯನ್ನು ನೋಡಿದ್ದ. ಅದರ ಹಿಂದಿನ ಬೆಲ್ಲದ ಚೀಲಗಳನ್ನೂ ನೋಡಿದ. ಆಮೇಲೆ ತನ್ನ ಎಲೆಯ ಮೇಲಿನ ಉಪ್ಪನ್ನು ಬೆರಳಿನಿಂದ ಬಹಳ ಜಾಗ್ರತೆಯಿಂದ ಒಂದು ಕಡೆ ಸರಿಸತೊಡಗಿದ.

ಶಿವರುದ್ರಪ್ಪ ತನ್ನ ಪತ್ರಾವಳಿಯನ್ನು ಎತ್ತಿ ಇಲಿಯ ಮೇಲೆ ಬೋರಲು ಹಾಕಿದ. ಅದರ ಮುಂದೆ ಸರಿದು ಕೂತ.

ನಿರಪರಾಧಿಯಾದ ಸಂಭ್ರಮದಲ್ಲಿ ಫಕೀರಪ್ಪ ಬುಟ್ಟಿ ಹಿಡಿದು ಸಾಲಿನುದ್ದಕ್ಕೂ ಓಡಾಡುತ್ತಿದ್ದ. ಕಂದೀಲಿನ ಬೆಳಕು ಅಷ್ಟು ದೂರ ಮುಟ್ಟುತ್ತಿರಲಿಲ್ಲ. ಬೋರಲು ಬಿದ್ದ ಎಲೆಯ ಮೇಲೆ ಅವನು ಎರಡು ಹೋಳಿಗೆ ಇಟ್ಟು, ಧಾರಾಳವಾಗಿ ತುಪ್ಪ ಸುರಿದ. ಕುರ್ಚಿಯಿಂದ ಡಾಕ್ಟರು, ಅವರಿಗೆ ಇನ್ನೊಂದು ಬಡಿಸಿರಿ, ಇವತ್ತು ಅವರ ದಿನ ಎಂದು ಮರಾಠಿಯಲ್ಲಿ ಹೇಳಿದರು. ಮೂರನೆಯದೂ ಬಿತ್ತು.

ಹೋಳಿಗೆಗಳು ಮೆಲ್ಲಗೆ ಅಲುಗುತ್ತಿದ್ದವು. ತುಪ್ಪ ಇಳಿಜಾರು ಹಿಡಿದು ಅವನ ಮೊಣಕಾಲಿನ ಕಡೆಗೆ ಹರಿಯುತ್ತಿತ್ತು. ಶಿವರುದ್ರಪ್ಪ ಎಡಗೈಯಿಂದ ಎಲೆಯ ಅಂಚನ್ನು ಒತ್ತಿ ಹಿಡಿದುಕೊಂಡು, ಬಲಗೈಯಿಂದ ಒಂದು ತುಂಡು ಮುರಿದ. ಕೂಸಿನ ಮನೆಯ ಯಜಮಾನ ಮೊದಲ ತುತ್ತು ಎತ್ತಲಿ ಎಂದು ಸಾಲಿನಲ್ಲಿ ಎಲ್ಲರೂ ಕಾಯುತ್ತಿದ್ದರು.